ರೇಸಿಗೆ ಹುಟ್ಟಿದ ಸೈಕಲ್ಲು ಆಫೀಸಿಗೆ ಹೊಂದೀತೇ?

ಪ್ರಶ್ನೆ: ಬೆಂಗಳೂರಿನ ತಲಘಟ್ಟಪುರದ ಕಡೆ ನಮ್ಮ ಮನೆ, ಕೋರಮಂಗಲದಲ್ಲಿ ಆಫೀಸು. ಒಂದು ಕಡೆಗೆ ಸುಮಾರು 16 ಕಿ.ಮೀ. ವಾರಕ್ಕೆ ನಾಲ್ಕು ದಿನ ಸೈಕಲ್ಲಿನಲ್ಲೇ ಹೋಗಿಬರಬೇಕೆಂಬ ಆಸೆ. ಬಡಾವಣೆಯಿಂದ ಮುಖ್ಯರಸ್ತೆಗೆ ಬರುವ ಒಂದೂವರೆ ಕಿ.ಮೀ. ಮಣ್ಣಿನ ದಾರಿ, ಮಳೆ ಬಿದ್ದರೆ ಕೆಸರು. ಆಮೇಲೆ ಡಾಂಬರು, ಹಂಪು, ಗುಂಡಿ, ಸಿಗ್ನಲ್ಲು. ಲ್ಯಾಪ್‌ಟಾಪ್, ಊಟದ ಡಬ್ಬಿ, ಒಂದು ಜೊತೆ ಬಟ್ಟೆ ಒಯ್ಯಬೇಕು. ಬೆಲ್ಜಿಯಂನಲ್ಲಿ ಕೆಲ ವರ್ಷ ಇದ್ದು ಬಂದ ಸಹೋದ್ಯೋಗಿಯೊಬ್ಬರು ಅಲ್ಲಿ ಓಡಿಸುತ್ತಿದ್ದ 2016ರ ಅಲ್ಯುಮಿನಿಯಂ ಸೈಕ್ಲೋಕ್ರಾಸ್ ಸೈಕಲ್ಲನ್ನು 60,000 ರೂಪಾಯಿಗೆ ಕೊಡುತ್ತೇನೆ ಎನ್ನುತ್ತಿದ್ದಾರೆ. ಅಲ್ಲಿ ಒಂದು ಸೀಸನ್ ಪೂರ್ತಿ ರೇಸಿಗೂ ಹೋಗಿದ್ದರಂತೆ. ಸೈಜು 54. ಸ್ರಾಮ್ ಕಂಪನಿಯ ರೈವಲ್ 1 ಗೇರ್ ಸೆಟ್ಟು: ಮುಂದೆ ಪೆಡಲಿನ ಬಳಿ 40 ಹಲ್ಲಿನ ಒಂದೇ ಚೈನ್‌ರಿಂಗ್, ಹಿಂದೆ 11ರಿಂದ 28 ಹಲ್ಲಿನ ಕ್ಯಾಸೆಟ್, ಅಂದರೆ ಹಿಂಚಕ್ರದ ಹಲ್ಲುಚಕ್ರಗಳ ಗೊಂಚಲು. ಕೇಬಲ್ ಡಿಸ್ಕ್ ಬ್ರೇಕು, 33 ಮಿ.ಮೀ. ಬಟನ್ ಟೈರು. ನನ್ನ ಎತ್ತರ 5 ಅಡಿ 6 ಇಂಚು, ತೂಕ 74 ಕೆ.ಜಿ. 'ಕೆಸರಿನಲ್ಲಿ ರೇಸ್ ಓಡುವ ಸೈಕಲ್ಲು, ನಿಮ್ಮ ಗುಂಡಿಗಳೆಲ್ಲ ಇದಕ್ಕೆ ಯಾವ ಲೆಕ್ಕ' ಎನ್ನುತ್ತಾರೆ ಅವರು. 'ಸಸ್ಪೆನ್ಶನ್ ಇಲ್ಲ, ಹ್ಯಾಂಡಲ್ ಬೇರೆ ಬಾಗಿದೆ, ಬೆನ್ನು ಹೋಗುತ್ತದೆ' ಎನ್ನುತ್ತಾರೆ ಮನೆಯವರು. ಯಾರ ಮಾತು ಕೇಳಲಿ? ಭಾನುವಾರ ಮೂರು ವರ್ಷದ ಮಗಳನ್ನು ಕೂರಿಸಿಕೊಂಡು ಹೋಗಲು ಹಿಂದೆ ಮಕ್ಕಳ ಸೀಟು ಹಾಕಿಸಬಹುದೇ?

ಉತ್ತರ: ಇಬ್ಬರ ಮಾತಿನಲ್ಲೂ ಅರ್ಧ ಸತ್ಯವಿದೆ. ಈ ಸೈಕಲ್ಲು ಕೆಸರಿಗೆ ಹುಟ್ಟಿದ್ದು ನಿಜ, ಗುಂಡಿಗೆ ಹುಟ್ಟಿದ್ದು ಸುಳ್ಳು. ಬೆನ್ನು ನೋಯುವ ಸಾಧ್ಯತೆ ಇದೆ, ಆದರೆ ಹ್ಯಾಂಡಲ್ ಬಾಗಿರುವುದಕ್ಕೂ ಅದಕ್ಕೂ ಸಂಬಂಧ ಕಡಿಮೆ. ನಿಮ್ಮ ನಿಜವಾದ ಚಿಂತೆ ಇರಬೇಕಾದ ಜಾಗವೇ ಬೇರೆ. ಪತ್ರದಲ್ಲಿ ಚೈನ್‌ರಿಂಗಿನ ಹಲ್ಲು ಎಣಿಸಿ ಬರೆದಿದ್ದೀರಿ, ಫ್ರೇಮಿನಲ್ಲಿ ಮಡ್‌ಗಾರ್ಡಿಗೆ, ಕ್ಯಾರಿಯರ್‌ಗೆ ಬೋಲ್ಟು ಹಾಕುವ ತೂತು ಇವೆಯೋ ಇಲ್ಲವೋ ಬರೆದಿಲ್ಲ. ದಿನಾ ಆಫೀಸಿಗೆ ಹೋಗುವವರಿಗೆ ಈ ಸೈಕಲ್ಲು ಆಗುತ್ತದೋ ಇಲ್ಲವೋ ಎಂಬುದು ಮುಕ್ಕಾಲು ಪಾಲು ಆ ತೂತುಗಳಲ್ಲೇ ತೀರ್ಮಾನವಾಗುತ್ತದೆ.

ಈ ಸೈಕಲ್ಲಿಗೆ ಯಾವ ಕೆಲಸ ಕೊಟ್ಟಿದ್ದರು ಎಂದು ಮೊದಲು ನೋಡೋಣ. ಸೈಕ್ಲೋಕ್ರಾಸ್ ಎಂದರೆ ಬೆಲ್ಜಿಯಂ, ನೆದರ್ಲೆಂಡ್ಸ್, ಫ್ರಾನ್ಸ್ ಕಡೆ ಚಳಿಗಾಲದಲ್ಲಿ ನಡೆಯುವ ರೇಸು. ಎರಡೂವರೆಯಿಂದ ಮೂರೂವರೆ ಕಿ.ಮೀ. ಸುತ್ತು, ಹುಲ್ಲು, ಮರಳು, ಕೆಸರು, ನಡುವೆ 40 ಸೆಂ.ಮೀ. ಎತ್ತರದ ಹಲಗೆಗಳು. ಅಲ್ಲಿ ಇಳಿದು, ಸೈಕಲ್ಲನ್ನು ಹೆಗಲಿಗೇರಿಸಿ ಓಡಿ, ಮತ್ತೆ ಹತ್ತಬೇಕು. ಎಲ್ಲ ಸೇರಿ ಸುಮಾರು ಒಂದು ಗಂಟೆಯ ಆಟ. ದೊಡ್ಡ ರೇಸುಗಳಲ್ಲಿ ಕೆಸರು ಮೆತ್ತಿದರೆ ಪಿಟ್‌ನಲ್ಲಿ ಸೈಕಲ್ಲೇ ಬದಲು, ಹಳೆಯದಕ್ಕೆ ಅಷ್ಟರಲ್ಲಿ ಪ್ರೆಶರ್ ವಾಷ್. ಯುಸಿಐ ಎಂಬ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ನಿಯಮದಂತೆ ಟೈರಿನ ಅಗಲ 33 ಮಿ.ಮೀ. ಮೀರುವಂತಿಲ್ಲ. ನಿಮ್ಮ ಸೈಕಲ್ಲಿನ ಟೈರು ಸರಿಯಾಗಿ 33 ಇರುವುದು ಆಕಸ್ಮಿಕವಲ್ಲ.

ಈ ಕೆಲಸಕ್ಕೆ ಕ್ಯಾರಿಯರ್ ಬೇಡ, ಮಡ್‌ಗಾರ್ಡು ಬೇಡ. ಕೆಲವು ಫ್ರೇಮುಗಳಲ್ಲಿ ನೀರಿನ ಬಾಟಲಿ ಸಿಕ್ಕಿಸುವ ಜಾಗವೂ ಇರುವುದಿಲ್ಲ. ಹೆಗಲಿಗೆ ಒತ್ತದಿರಲೆಂದು ಮೇಲಿನ ಕೊಳವೆಯ ಅಡಿಭಾಗವನ್ನು ಚಪ್ಪಟೆ ಮಾಡಿರುತ್ತಾರೆ. ಲಿಫ್ಟು ಕೆಟ್ಟ ದಿನ ಇದೊಂದು ನಿಮಗೂ ಉಪಯೋಗಕ್ಕೆ ಬರುತ್ತದೆ.

ಹೆಸರಿಗೆ ಮೋಸ ಹೋಗಬೇಡಿ ಎಂದೂ ಹೇಳಬೇಕು. ಸೈಕ್ಲೋಕ್ರಾಸ್ ಎಂಬ ಒಂದೇ ಹಣೆಪಟ್ಟಿಯಡಿ ಎರಡು ಜಾತಿ ಇವೆ. ರಿಡ್ಲಿ ಎಕ್ಸ್-ನೈಟ್‌ನಂಥವು ಅಪ್ಪಟ ರೇಸಿನವು. ಸರ್ಲಿ ಕ್ರಾಸ್-ಚೆಕ್, ಕ್ಯಾನನ್‌ಡೇಲ್ ಕ್ಯಾಡ್ಎಕ್ಸ್ ಥರದವು ಹೆಸರಿನಲ್ಲಿ ಕ್ರಾಸ್ ಇಟ್ಟುಕೊಂಡೂ ಮಡ್‌ಗಾರ್ಡು, ಕ್ಯಾರಿಯರ್ ಎರಡಕ್ಕೂ ತೂತು ಇಟ್ಟುಕೊಂಡೇ ಬಂದವು. ಸ್ಪೆಷಲೈಸ್ಡ್ ಕಂಪನಿಯ ಕ್ರಕ್ಸ್ ಅಂತೂ 2021ರಲ್ಲಿ ಅದೇ ಹೆಸರಿನಲ್ಲಿ 47 ಮಿ.ಮೀ. ಟೈರು ಹಿಡಿಯುವ, ಜಲ್ಲಿ-ಮಣ್ಣಿನ ದಾರಿಗೆಂದು ಮಾಡಿದ ಗ್ರಾವೆಲ್ ಸೈಕಲ್ಲಾಗಿ ಬದಲಾಯಿತು. ನಿಮಗೆ ಸಿಗುತ್ತಿರುವುದು ಯಾವ ಜಾತಿ ಎಂದು ಪತ್ರದಿಂದ ತಿಳಿಯುವುದಿಲ್ಲ. ಬಗ್ಗಿ ನೋಡಿದರೆ ಎರಡು ನಿಮಿಷದಲ್ಲಿ ತಿಳಿಯುತ್ತದೆ.

ಎಲ್ಲಿ ಬಗ್ಗಿ ನೋಡಬೇಕು

ಹಿಂಚಕ್ರದ ಅಚ್ಚು ಕೂರುವ ಜಾಗದ ಪಕ್ಕದಲ್ಲಿ, ಎರಡೂ ಬದಿಗೆ, ಬೋಲ್ಟು ತಿರುಗಿಸಲು ಒಳಗೆ ಥ್ರೆಡ್ ಇರುವ 5 ಮಿ.ಮೀ. ತೂತು ಇದೆಯೇ? ಒಂದಿದ್ದರೆ ಮಡ್‌ಗಾರ್ಡಿನ ಕಡ್ಡಿಗೋ ಕ್ಯಾರಿಯರಿನ ಕಾಲಿಗೋ ಯಾವುದಾದರೂ ಒಂದಕ್ಕೆ ಸಾಲುತ್ತದೆ. ಎರಡಿದ್ದರೆ ಎರಡಕ್ಕೂ. ಸೀಟಿನ ಕೆಳಗೆ, ಹಿಂಚಕ್ರದ ಮೇಲ್ಭಾಗಕ್ಕೆ ಬರುವ ಎರಡು ಸಣ್ಣ ಕೊಳವೆಗಳಲ್ಲಿ ಒಂದೊಂದು ತೂತು ಇರಬೇಕು. ಅವುಗಳ ನಡುವೆ ಅಡ್ಡಪಟ್ಟಿಯೂ ಇದ್ದರೆ ಒಳ್ಳೆಯದು. ಮುಂದಿನ ಫೋರ್ಕಿನ ಎರಡೂ ತುದಿಯಲ್ಲಿ ತೂತು, ಮತ್ತು ಫೋರ್ಕಿನ ನೆತ್ತಿಯ ಹಿಂಭಾಗದಲ್ಲಿ ಒಂದು. ಬಣ್ಣ ತುಂಬಿ ಮುಚ್ಚಿರಬಹುದು, ರಬ್ಬರು ಬೂಚು ಹಾಕಿರಬಹುದು, ಬೆರಳಾಡಿಸಿ ನೋಡಿ.

ಕ್ಯಾರಿಯರ್ ತೂತು ಇಲ್ಲದಿದ್ದರೆ ಅಷ್ಟೇನೂ ಮುಳುಗಿಲ್ಲ. ಸೀಟು ಬಿಗಿಯುವ ಕ್ಲಾಂಪಿನಲ್ಲೇ ತೂತಿರುವ ಮಾದರಿ ಸಿಗುತ್ತದೆ, ಕೆಳಗೆ ಕೊಳವೆಯನ್ನು ಸುತ್ತಿ ಹಿಡಿಯುವ, ರಬ್ಬರು ಹೊದಿಸಿದ ಪಿ-ಕ್ಲಿಪ್ ಹಾಕಿ ಐದಾರು ಕೆ.ಜಿ. ಹೊರಿಸಬಹುದು. ಇದು ಅಲ್ಯುಮಿನಿಯಂ ಅಥವಾ ಸ್ಟೀಲ್ ಫ್ರೇಮಿಗೆ ಮಾತ್ರ. ಕಾರ್ಬನ್ ಕೊಳವೆಗೆ ಪಿ-ಕ್ಲಿಪ್ ಬಿಗಿಯುವುದು ಬೇಡವೇ ಬೇಡ, ಅದು ಒತ್ತಿದಲ್ಲೇ ಒಡೆಯುತ್ತದೆ. ನಿಮ್ಮ ಫೋರ್ಕು ಕಾರ್ಬನ್ ಇದ್ದರೂ ಇದೇ ಮಾತು. ಮಡ್‌ಗಾರ್ಡ್ ತೂತು ಇಲ್ಲದಿರುವುದು ದೊಡ್ಡ ಕೊರತೆ. ರಬ್ಬರ್ ಪಟ್ಟಿಯಲ್ಲಿ ಕಟ್ಟುವ ಅರ್ಧ ಮಡ್‌ಗಾರ್ಡು ಬೆನ್ನನ್ನು ಕಾಪಾಡುತ್ತದೆ, ಪಾದವನ್ನೂ ಚೈನನ್ನೂ ಕಾಪಾಡುವುದಿಲ್ಲ. ಮುಂಚಕ್ರ ಎರಚಿದ ಕೆಸರುನೀರು ನೇರವಾಗಿ ಪೆಡಲಿನ ಬೇರಿಂಗಿಗೂ ಚೈನಿಗೂ ಹೋಗುತ್ತದೆ. ವಾರಕ್ಕೆ 128 ಕಿ.ಮೀ. ಓಡಿಸುವವರಿಗೆ ಮಳೆಗಾಲದಲ್ಲಿ ಪೂರ್ತಿ ಮಡ್‌ಗಾರ್ಡು ಶೋಕಿಯಲ್ಲ.

ತೂತು ಇದ್ದ ಮಾತ್ರಕ್ಕೆ ಮಡ್‌ಗಾರ್ಡು ಕೂರುವುದಿಲ್ಲ, ಸಂದೂ ಬೇಕು. ಅಳೆಯುವುದು ಸುಲಭ: 6 ಮಿ.ಮೀ. ಅಲೆನ್ ಕೀ ಒಂದನ್ನು ತೆಗೆದುಕೊಂಡು ಟೈರಿಗೂ ಫ್ರೇಮಿಗೂ ನಡುವೆ, ಎರಡೂ ಬದಿಗೆ ಮತ್ತು ನೆತ್ತಿಯಲ್ಲಿ, ತೂರಿಸಿ ಚಕ್ರ ತಿರುಗಿಸಿ. ತಾಗದೆ ತಿರುಗಿದರೆ ಟೈರಿಗೆ ಬೇಕಾದಷ್ಟು ಜಾಗವಿದೆ ಎಂದರ್ಥ. ಮಡ್‌ಗಾರ್ಡಿಗೆ ಇನ್ನೂ ಬೇಕು: 35 ಮಿ.ಮೀ. ಟೈರಿಗೆ 45 ಮಿ.ಮೀ. ಅಗಲದ ಮಡ್‌ಗಾರ್ಡು, ಟೈರಿನ ನೆತ್ತಿಯಿಂದ ಅದಕ್ಕೆ ಸುಮಾರು ಒಂದು ಸೆಂ.ಮೀ. ಅಂತರ. ಸಂದು ಕಡಿಮೆ ಬಿಟ್ಟರೆ ಚಕ್ರ ಎತ್ತಿಕೊಂಡ ಕಲ್ಲು ಅಲ್ಲಿ ಸಿಕ್ಕಿ ಮಡ್‌ಗಾರ್ಡು ಮಡಚಿಕೊಳ್ಳುತ್ತದೆ. ಮುಂದೆ ಹೀಗಾದರೆ ಚಕ್ರ ನಿಂತು ಸವಾರ ಹ್ಯಾಂಡಲಿನ ಮೇಲಿಂದ ಹೋಗುತ್ತಾನೆ. ಆದ್ದರಿಂದ ಮುಂದಿನ ಕಡ್ಡಿಗೆ ಎಳೆದರೆ ಬಿಟ್ಟುಕೊಳ್ಳುವ ಪ್ಲಾಸ್ಟಿಕ್ ಕ್ಲಿಪ್ ಇರುವ ಮಾದರಿಯನ್ನೇ ಕೇಳಿ. ನಿಮ್ಮ ಕಡೆಯ ಕೆಮ್ಮಣ್ಣು ಅಷ್ಟು ಅಂಟುವುದಿಲ್ಲ. ಹುಬ್ಬಳ್ಳಿ, ಗದಗ, ವಿಜಯಪುರದ ಎರೆಮಣ್ಣಿನ ದಾರಿಯವರು ಈ ಪತ್ರ ಓದುತ್ತಿದ್ದರೆ ಅವರಿಗೆ ಲೆಕ್ಕವೇ ಬೇರೆ. ಹಸಿ ಎರೆಮಣ್ಣು ಮಡ್‌ಗಾರ್ಡಿನೊಳಗೆ ಗಾರೆಯಂತೆ ತುಂಬಿ ಚಕ್ರವನ್ನೇ ಹಿಡಿದುಬಿಡುತ್ತದೆ, ಅಲ್ಲಿ ಸಂದು ದೊಡ್ಡದಿರುವ ಬರಿಯ ಸೈಕ್ಲೋಕ್ರಾಸ್ ಫ್ರೇಮೇ ಗೆಲ್ಲುತ್ತದೆ.

ಕ್ಯಾರಿಯರಿನ ವಿಷಯದಲ್ಲಿ ಇನ್ನೆರಡು ತಾಪತ್ರಯ. ಹಿಂದಿನ ಡಿಸ್ಕ್ ಬ್ರೇಕಿನ ಕ್ಯಾಲಿಪರ್, ಅಂದರೆ ಪ್ಯಾಡುಗಳನ್ನು ಹಿಡಿದಿರುವ ಭಾಗ, ಸೀಟಿನತ್ತ ಏರುವ ಸಣ್ಣ ಕೊಳವೆಯ ಹೊರಗೆ ಕೂತಿದ್ದರೆ ಕ್ಯಾರಿಯರಿನ ಎಡಗಾಲು ಅದಕ್ಕೆ ತಾಗುತ್ತದೆ. ಉದ್ದದ ಬೋಲ್ಟು ಮತ್ತು ಸ್ಪೇಸರ್ ಹಾಕಬೇಕು, ಇಲ್ಲವೇ ಡಿಸ್ಕಿಗೆಂದೇ ಮಾಡಿದ ಕ್ಯಾರಿಯರ್ ತರಬೇಕು. ಎರಡನೆಯದು, ಈ ಜಾತಿಯಲ್ಲಿ ಪೆಡಲಿನ ಅಚ್ಚಿನಿಂದ ಹಿಂಚಕ್ರದ ಅಚ್ಚಿಗೆ 425ರಿಂದ 430 ಮಿ.ಮೀ. ಅಷ್ಟೇ ದೂರ. ಪಕ್ಕದ ಚೀಲ ನೇತುಹಾಕಿದರೆ ಹಿಮ್ಮಡಿ ಪ್ರತಿ ಸುತ್ತಿಗೂ ಚೀಲಕ್ಕೆ ತಟ್ಟುತ್ತದೆ. ಚೀಲದ ಕೊಕ್ಕೆಗಳನ್ನು ಆದಷ್ಟು ಹಿಂದಕ್ಕೆ ಸರಿಸಿ, ಮುಂಭಾಗದ ಕೆಳಮೂಲೆ ಓರೆಯಾಗಿ ಕತ್ತರಿಸಿದಂತಿರುವ ಚೀಲ ಆರಿಸಿದರೆ ಸರಿಹೋಗುತ್ತದೆ.

ಗುಂಡಿಯ ಮಾತು

'ಕೆಸರಿನಲ್ಲಿ ಓಡುತ್ತದೆ, ಹಾಗಾದರೆ ಗಟ್ಟಿ' ಎಂಬ ತರ್ಕ ಎಲ್ಲರ ಬಾಯಲ್ಲೂ ಇದೆ. ಕೆಸರು ಮೆತ್ತಗಿನ ವಸ್ತು. ಚೂಪು ಅಂಚಿನ ಗುಂಡಿ, ಚರಂಡಿ ಮುಚ್ಚಿದ ಕಲ್ಲುಚಪ್ಪಡಿಯ ಎದ್ದ ತುದಿ, ಕಾಂಕ್ರೀಟು ರಸ್ತೆ ಮುಗಿದು ಡಾಂಬರು ಶುರುವಾಗುವ ಮೆಟ್ಟಿಲು, ಇವು ಕೊಡುವ ಏಟು ಬೇರೆ. ಆ ಏಟನ್ನು ಮೊದಲು ತಿನ್ನುವುದು ಟೈರಿನ ಗಾಳಿ, ಆಮೇಲೆ ರಿಮ್ಮು, ಕೊನೆಗೆ ಸವಾರನ ಮಣಿಕಟ್ಟು. ಫ್ರೇಮಿಗೆ ಇದರಲ್ಲಿ ಪಾತ್ರ ಸಣ್ಣದು.

ಸಾಮಾನ್ಯವಾಗಿ ಆಗುವ ತಪ್ಪು ಹೀಗೆ. ರೇಸಿನವರು ಅಂಟು ಹಾಕಿ ಕೂರಿಸುವ ಟ್ಯೂಬುಲರ್ ಟೈರಿನಲ್ಲಿ 20–25 ಪಿಎಸ್‌ಐ ಅಷ್ಟೇ ಗಾಳಿಯ ಒತ್ತಡ ಇಟ್ಟು ಓಡಿಸುತ್ತಾರೆ. ಅದನ್ನು ಎಲ್ಲೋ ಓದಿದವರು ಮಾಮೂಲಿ ಟ್ಯೂಬಿನ 33 ಮಿ.ಮೀ. ಟೈರಿನಲ್ಲೂ ಗಾಳಿ ಇಳಿಸುತ್ತಾರೆ. ಮೊದಲ ಗುಂಡಿಗೇ ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ, ಹಾವು ಕಚ್ಚಿದಂತೆ ಅಕ್ಕಪಕ್ಕ ಎರಡು ತೂತು. ಹೆದರಿ 80 ಪಿಎಸ್‌ಐ ತುಂಬಿಸುತ್ತಾರೆ. ಆಗ ಪಂಕ್ಚರು ನಿಲ್ಲುತ್ತದೆ, ಬೆನ್ನುನೋವು ಶುರುವಾಗುತ್ತದೆ, ಬೈಗುಳ ಸಸ್ಪೆನ್ಶನ್ ಇಲ್ಲದ ಫ್ರೇಮಿಗೆ.

ಪರಿಹಾರ ಟೈರಿನ ಅಗಲದಲ್ಲಿದೆ. 33ರಿಂದ 38 ಮಿ.ಮೀ.ಗೆ ಹೋದರೆ ಐದೇ ಮಿಲಿಮೀಟರು ಅನ್ನಿಸಬಹುದು. ಅಡ್ಡಕೊಯ್ತದಲ್ಲಿ ಗಾಳಿಯ ಜಾಗ ಸುಮಾರು ಮೂರನೇ ಒಂದರಷ್ಟು ಹೆಚ್ಚುತ್ತದೆ. ನೀವು 74, ಸೈಕಲ್ಲು ಹತ್ತು ಹತ್ತೂವರೆ, ಚೀಲ ಮತ್ತು ಬೀಗ ಸೇರಿ ಐದಾರು, ಒಟ್ಟು 90 ಕೆ.ಜಿ. ಎಂದು ಹಿಡಿಯಿರಿ. 38 ಮಿ.ಮೀ. ಟೈರಿಗೆ ಮುಂದೆ 40, ಹಿಂದೆ 48 ಪಿಎಸ್‌ಐನಿಂದ ಶುರುಮಾಡಿ, ಎರಡು ಮೂರು ದಿನ ಓಡಿಸಿ, ಎರಡೆರಡು ಪಿಎಸ್‌ಐ ಏರಿಳಿಸಿ ನಿಮ್ಮ ದಾರಿಗೆ ಹೊಂದಿಸಿಕೊಳ್ಳಿ. ಮಡ್‌ಗಾರ್ಡಿನೊಂದಿಗೆ 38 ಹಿಡಿಯದಿದ್ದರೆ 35ಕ್ಕೆ ಒಪ್ಪಿಕೊಳ್ಳಿ, ಗಾಳಿ ಐದರಷ್ಟು ಹೆಚ್ಚಿಸಿ. ಅದಕ್ಕಿಂತ ಕೆಳಗೆ ನಿಮ್ಮ ರಸ್ತೆಗೆ ಬೇಡ.

ಬಟನ್ ಟೈರನ್ನಂತೂ ತೆಗೆದುಹಾಕಿ. 16ರಲ್ಲಿ ಹದಿನಾಲ್ಕೂವರೆ ಕಿ.ಮೀ. ಡಾಂಬರಿನಲ್ಲಿ ಅದು ಗುಂಯ್‌ಗುಡುತ್ತದೆ, ತಿರುವಿನಲ್ಲಿ ಬಟನ್ನುಗಳು ಬಾಗಿ ಸೈಕಲ್ಲು ಜಾರಿದಂತಾಗುತ್ತದೆ, ನಡುಸಾಲು ಬೇಗ ಸವೆಯುತ್ತದೆ. ನಡುವೆ ನುಣುಪು, ಅಂಚಿನಲ್ಲಿ ಸಣ್ಣ ಹಲ್ಲು ಇರುವ ಟೈರು ಸಾಕು. ಒಂದೂವರೆ ಕಿ.ಮೀ. ಕೆಸರನ್ನು ಅದು ನಿಧಾನವಾಗಿ ದಾಟಿಸುತ್ತದೆ. 'ಅಗಲ ಟೈರು ನಿಧಾನ' ಎಂಬುದು ಹಳೆಯ ನಂಬಿಕೆ. ನಿಧಾನ ಮಾಡುವುದು ಬಟನ್ನು ಮತ್ತು ದಪ್ಪ ಒರಟು ಗೋಡೆ, ಅಗಲವಲ್ಲ. ಹೊಸ ಬಡಾವಣೆಗಳಲ್ಲಿ ಪಂಕ್ಚರಿಗೆ ಮುಖ್ಯ ಕಾರಣ ಕಟ್ಟಡದ ಕಂಬಿ ಕಟ್ಟುವ ಬೈಂಡಿಂಗ್ ವೈರಿನ ತುಂಡು. ಅದಕ್ಕೆ ಒಳಗೆ ರಬ್ಬರು ಪದರ ಇರುವ ಟೈರು ಒಳ್ಳೆಯದು. ಶ್ವಾಲ್ಬೆ ಮ್ಯಾರಥಾನ್ ಆ ಜಾತಿಯದು, ಭಾರವೂ ಹೌದು, ಗಟ್ಟಿಯೂ ಹೌದು. ಟ್ಯೂಬ್‌ಲೆಸ್ ಮಾಡಿಸಬಹುದೇ ಎಂದರೆ, ರಿಮ್ಮು ಅದಕ್ಕೆಂದೇ ಮಾಡಿದ್ದಾದರೆ ಆಗುತ್ತದೆ, ಚಕ್ರಕ್ಕೆ 60 ಮಿ.ಲೀ. ಸೀಲೆಂಟ್. ನಮ್ಮ ಸೆಖೆಗೆ ಅದು ಎರಡು ಮೂರು ತಿಂಗಳಲ್ಲಿ ಒಣಗಿ ಹೋಗುತ್ತದೆ, ಆಗಾಗ ತುಂಬುವ ತಾಳ್ಮೆ ಇದ್ದರೆ ಮಾತ್ರ.

ಚಕ್ರದ ಮೇಲೆ ಟ್ಯೂಬುಲರ್ ಎಂದು ಬರೆದಿದ್ದರೆ, ಅಥವಾ ಟೈರಿನ ಅಂಚು ರಿಮ್ಮಿಗೆ ಅಂಟಿಕೊಂಡಿದ್ದರೆ, ಬೇರೆ ಚಕ್ರ ಸಿಗದ ಹೊರತು ಕೊಳ್ಳಬೇಡಿ. ಪಂಕ್ಚರಾದರೆ ಬನಶಂಕರಿಯಲ್ಲಿ ಯಾವ ಅಂಗಡಿಯಲ್ಲೂ ಅದಕ್ಕೆ ಮದ್ದಿಲ್ಲ. ಹಾಗೆಯೇ ಇದರ ಟ್ಯೂಬಿನ ವಾಲ್ವು ಸಣ್ಣ ಪ್ರೆಸ್ಟಾ ಇರುತ್ತದೆ, ಬೈಕಿಗೆ ಗಾಳಿ ಹಾಕುವ ಪೈಪು ಕೂರುವುದಿಲ್ಲ. ಕಡಲೆ ಗಾತ್ರದ ಹಿತ್ತಾಳೆ ಅಡಾಪ್ಟರ್ ಒಂದನ್ನು ವಾಲ್ವಿಗೇ ತಿರುಗಿಸಿ ಇಟ್ಟುಬಿಡಿ.

ಗೇರು

ರೇಸಿನಲ್ಲಿ ತೀರಾ ಕಡಿದಾದಲ್ಲಿ ಇಳಿದು ಓಡುತ್ತಾರೆ, ಹಾಗಾಗಿ ಹಗುರ ಗೇರು ಇಡುವುದಿಲ್ಲ. ನಿಮ್ಮ ಅತಿ ಹಗುರ ಗೇರು 40ಕ್ಕೆ 28. ಪೆಡಲು ಒಂದು ಸುತ್ತು ಬಂದರೆ ಸೈಕಲ್ಲು 3 ಮೀಟರಿಗಿಂತ ತುಸು ಹೆಚ್ಚು ಮುಂದೆ ಹೋಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 11 ಕಿ.ಮೀ. ಅದೇ ವೇಗದಲ್ಲಿ 8 ಶೇಕಡಾ ಏರನ್ನು 90 ಕೆ.ಜಿ. ಹೊತ್ತು ಹತ್ತಲು 200 ವ್ಯಾಟ್ ಮೀರಿ ಶಕ್ತಿ ಬೇಕು. ಬೆಳಿಗ್ಗೆ ಒಂದು ದಿನ ಆಗುತ್ತದೆ, ಸಂಜೆ ಏಳೂವರೆಗೆ ಮಂಡಿ ಒಪ್ಪುವುದಿಲ್ಲ. ಅಷ್ಟು ಏರು ನಿಮ್ಮ ದಾರಿಯಲ್ಲಿ ಎಲ್ಲಿದೆ ಎನ್ನುತ್ತೀರಾ? ಆಫೀಸಿನ ಬೇಸ್‌ಮೆಂಟ್ ಪಾರ್ಕಿಂಗಿನ ರ‍್ಯಾಂಪಿನಲ್ಲಿ ನೋಡಿ.

ಮುಂದೆ 38 ಹಲ್ಲು, ಹಿಂದೆ 11ರಿಂದ 36 ಹಾಕಿಸಿದರೆ ಅದೇ 60 ಸುತ್ತಿಗೆ ವೇಗ 8 ಕಿ.ಮೀ.ಗೆ ಇಳಿದು, ಬೇಕಾದ ಶಕ್ತಿ 160 ವ್ಯಾಟ್ ಆಸುಪಾಸಿಗೆ ಬರುತ್ತದೆ. ಮೇಲಿನ ಗೇರಿನಲ್ಲಿ ನಿಮಿಷಕ್ಕೆ 90 ಸುತ್ತಿಗೆ 40 ಕಿ.ಮೀ. ವೇಗ ಆಗಲೂ ಉಳಿಯುತ್ತದೆ, ಕನಕಪುರ ರಸ್ತೆಯಲ್ಲಿ ಅದಕ್ಕಿಂತ ಹೆಚ್ಚು ಯಾರಿಗೂ ಬೇಡ. ರೈವಲ್ 1ರ ಹಿಂದಿನ ಡಿರೇಲರ್, ಅಂದರೆ ಚೈನನ್ನು ಹಲ್ಲುಚಕ್ರದಿಂದ ಹಲ್ಲುಚಕ್ರಕ್ಕೆ ಸರಿಸುವ ಭಾಗ, ಮಧ್ಯಮ ಕೇಜಿನದಾದರೆ (ಕೇಜು ಎಂದರೆ ಚೈನು ಹಾಯುವ ಅದರ ತೋಳು) 36 ಹಲ್ಲಿನವರೆಗೆ, ಉದ್ದ ಕೇಜಿನದಾದರೆ 42ರವರೆಗೆ ಹಿಡಿಯುತ್ತದೆ. ಕ್ಯಾಸೆಟ್ ದೊಡ್ಡದಾದಾಗ ಚೈನೂ ಉದ್ದವಾಗಬೇಕು. ಹಳೆಯ ಚೈನನ್ನೇ ಬಿಟ್ಟು ದೊಡ್ಡ ಹಲ್ಲಿಗೆ ಹಾಕಿದರೆ ಅದು ಬಿಗಿದು ಡಿರೇಲರನ್ನು ಕಿತ್ತುಹಾಕುವ ಅಪಾಯವಿದೆ. 11 ಹಲ್ಲಿನಿಂದ ಶುರುವಾಗುವ ಕ್ಯಾಸೆಟ್ಟನ್ನೇ ಕೇಳಿ. 10ರಿಂದ ಶುರುವಾಗುವುದು ನಿಮ್ಮ ಹಬ್ಬಿಗೆ ಕೂರದಿರಬಹುದು.

ಬ್ರೇಕಿನಲ್ಲಿ ಅಡಗಿರುವ ಒಂದು ಅಪಾಯ

ಬೆಲ್ಜಿಯಂನಿಂದ ಬಂದ ಸೈಕಲ್ಲಿನಲ್ಲಿ ಎಡಗೈ ಲಿವರು ಮುಂದಿನ ಬ್ರೇಕಿಗೆ, ಬಲಗೈ ಹಿಂದಿನದಕ್ಕೆ ಇರುವುದು ವಾಡಿಕೆ. ನಮ್ಮಲ್ಲಿ ಮೋಟರ್ ಬೈಕಿನದೂ ಸೇರಿ ಬಲಗೈಯೇ ಮುಂದಿನ ಬ್ರೇಕು. ಆಟೋ ಅಡ್ಡ ಬಂದಾಗ ಕೈ ಯೋಚಿಸುವುದಿಲ್ಲ, ಅಭ್ಯಾಸದಂತೆ ಹಿಡಿಯುತ್ತದೆ. ಹಿಂದಿನದು ಎಂದುಕೊಂಡು ಎಡಗೈ ಜೋರಾಗಿ ಎಳೆದರೆ ಮುಂಚಕ್ರ ಕಚ್ಚುತ್ತದೆ, ಒದ್ದೆ ರಸ್ತೆಯಲ್ಲಿ ಮುಂಚಕ್ರ ಜಾರಿದರೆ ಬೀಳುವುದು ಖಚಿತ. ಸೈಕಲ್ಲು ನೋಡಲು ಹೋದಾಗ ಮಾಡುವ ಮೊದಲ ಕೆಲಸ ಇದೇ ಆಗಿರಲಿ: ಹತ್ತುವ ಮುಂಚೆ ಒಂದೊಂದೇ ಲಿವರು ಎಳೆದು ಯಾವ ಚಕ್ರ ನಿಲ್ಲುತ್ತದೆ ನೋಡಿ. ನಿಮ್ಮದು ಕೇಬಲ್ ಬ್ರೇಕಾದ್ದರಿಂದ ಅದಲುಬದಲು ಸುಲಭ. ಹ್ಯಾಂಡಲಿನ ಟೇಪು ಬಿಚ್ಚಿ ಎರಡೂ ಬ್ರೇಕಿನ ಒಳ ಕೇಬಲ್, ಹೊರ ಕವಚ ಹೊಸದು ಹಾಕಿಸಬೇಕು. ಹೇಗಿದ್ದರೂ 2016ರ ಕೇಬಲ್ಲು ಬದಲಿಸುವಂಥದ್ದೇ. ಡಿಸ್ಕಿಗೆ ಕುಗ್ಗದ ಕವಚ ಹಾಕಿಸಿದರೆ ಲಿವರು ಮೆತ್ತಗಾಗುವುದಿಲ್ಲ.

ಕೇಬಲ್ ಡಿಸ್ಕಿನ ಬಗ್ಗೆ ಇರುವ ಭಯ ಅನಗತ್ಯ. ಹೈಡ್ರಾಲಿಕ್‌ಗಿಂತ ಹಿಡಿತ ತುಸು ಕಡಿಮೆ, ಆದರೆ ದುರಸ್ತಿ ಎಲ್ಲಿ ಬೇಕಾದರೂ ಆಗುತ್ತದೆ. ಮಳೆಗಾಲದಲ್ಲಿ ಪ್ಯಾಡು ಬೇಗ ಸವೆಯುತ್ತದೆ, ವಾರಕ್ಕೊಮ್ಮೆ ಕಣ್ಣು ಹಾಯಿಸಿ. ಪ್ಯಾಡಿನ ಉಜ್ಜುವ ಪದರದ ದಪ್ಪ ಅರ್ಧ ಮಿ.ಮೀ.ಗೆ ಬಂದರೆ ಬದಲಿಸಿ. ಒಂದೇ ಬದಿಯ ಪ್ಯಾಡು ಚಲಿಸುವ ಕ್ಯಾಲಿಪರಾದರೆ ಒಳಗಿನ ಪ್ಯಾಡನ್ನು ಕೈಯಿಂದಲೇ ಹತ್ತಿರ ತರುತ್ತಿರಬೇಕು. ಇದನ್ನು ಮರೆತವರೇ 'ಡಿಸ್ಕ್ ಬ್ರೇಕು ಹಿಡಿಯಲ್ಲ' ಎಂದು ವರ್ಕ್‌ಶಾಪಿಗೆ ತರುವುದು. ಚೈನಿಗೆ ಸ್ಪ್ರೇ ಎಣ್ಣೆ ಹೊಡೆಯುವಾಗ ಡಿಸ್ಕಿನ ಮೇಲೆ ಬಟ್ಟೆ ಮುಚ್ಚಿ. ಒಂದು ಹನಿ ತಾಗಿದರೂ ಪ್ಯಾಡು ಕಿರುಗುಟ್ಟಿ ಹಾಳಾಗುತ್ತದೆ. 2010ರ ಆಚೀಚಿನ ಹಳೆಯ ಮಾದರಿಗಳಲ್ಲಿ ಡಿಸ್ಕಿನ ಬದಲು ರಿಮ್ಮನ್ನೇ ಹಿಡಿಯುವ ಕ್ಯಾಂಟಿಲೀವರ್ ಬ್ರೇಕು ಇರುತ್ತದೆ. ಆ ಜಾತಿಯದನ್ನು ಯಾರಾದರೂ ಅಗ್ಗಕ್ಕೆ ಕೊಟ್ಟರೂ ಬೆಂಗಳೂರು ಟ್ರಾಫಿಕ್ಕಿಗೆ ಬೇಡ.

ಬೆನ್ನು, ಕೈ, ಸೈಜು

ಬಾಗಿದ ಹ್ಯಾಂಡಲಿನಲ್ಲಿ ಟ್ರಾಫಿಕ್ಕಿನೊಳಗೆ ನೀವು ಹಿಡಿಯುವುದು ಮೇಲಿನ ರಬ್ಬರು ಹುಡ್ಡುಗಳನ್ನು. ಅಲ್ಲಿಂದಲೇ ಬ್ರೇಕೂ ಸಿಗುತ್ತದೆ. ಕೆಳಗಿನ ಬಾಗು ಎದುರುಗಾಳಿಗೆ ಇರಲಿ. ಬೆನ್ನು ನೋಯುವುದು ಹ್ಯಾಂಡಲ್ ದೂರವಾದಾಗ. 5 ಅಡಿ 6 ಇಂಚಿಗೆ 54 ಸೈಜು ಅಂಚಿನಲ್ಲಿದೆ. 52 ಆಗಿದ್ದರೆ ನಿಶ್ಚಿಂತೆ. ಸೈಕ್ಲೋಕ್ರಾಸಿನಲ್ಲಿ ಬೇರುಗಳಿಗೆ ಪೆಡಲು ತಾಗದಿರಲೆಂದು ಪೆಡಲಿನ ಅಚ್ಚನ್ನು ರೋಡ್ ಸೈಕಲ್ಲಿಗಿಂತ ಅರ್ಧ ಸೆಂ.ಮೀ.ನಿಂದ ಒಂದು ಸೆಂ.ಮೀ. ಎತ್ತರಕ್ಕೆ ಇಟ್ಟಿರುತ್ತಾರೆ, ಅದರ ಜೊತೆ ಇಡೀ ಫ್ರೇಮು ಎತ್ತರವಾಗುತ್ತದೆ. ಆಫೀಸಿನ ಬೂಟು ಹಾಕಿಕೊಂಡು ಮೇಲಿನ ಕೊಳವೆಯ ಎರಡೂ ಬದಿಗೆ ಕಾಲಿಟ್ಟು ನಿಲ್ಲಿ. ಕೊಳವೆಗೂ ನಿಮಗೂ ಎರಡು ಮೂರು ಸೆಂ.ಮೀ. ಬಿಡುವಿಲ್ಲದಿದ್ದರೆ ಕೆಸರಿನಲ್ಲಿ ಅವಸರಕ್ಕೆ ಕಾಲೂರುವಾಗ ನೋವು ನಿಶ್ಚಿತ, ಬಿಟ್ಟುಬಿಡಿ. ಬಿಡುವು ಇದ್ದು, ಕೈ ಮಾತ್ರ ಚಾಚಿದಂತೆ ಅನ್ನಿಸಿದರೆ ಹ್ಯಾಂಡಲ್ ಹಿಡಿದಿರುವ ಸ್ಟೆಮ್ಮನ್ನು 100ರಿಂದ 80 ಮಿ.ಮೀ.ಗೆ ಇಳಿಸಿ. 70ಕ್ಕಿಂತ ಗಿಡ್ಡ ಮಾಡಿದರೆ ಸ್ಟೀರಿಂಗು ಚಂಚಲವಾಗುತ್ತದೆ.

ಇನ್ನೊಂದು ಪರೀಕ್ಷೆ: ಪೆಡಲು ಮುಂದಕ್ಕೆ ಬರುವಂತಿಟ್ಟು ಹ್ಯಾಂಡಲ್ ತಿರುಗಿಸಿ. ಬೂಟಿನ ತುದಿ ಟೈರಿಗೆ ತಾಗುತ್ತದೆಯೇ? ಮಡ್‌ಗಾರ್ಡು ಬಂದ ಮೇಲೆ ಇನ್ನೂ ಒಂದು ಸೆಂ.ಮೀ. ಮುಂಚೆಯೇ ತಾಗುತ್ತದೆ. ವೇಗದಲ್ಲಿ ಏನೂ ಆಗದು, ಯೂ-ಟರ್ನ್ ಹೊಡೆಯುವಾಗ ಬೀಳಿಸುತ್ತದೆ.

ರೇಸ್ ಓಡಿದ ಸೈಕಲ್ಲಿನ ಕಾಯಿಲೆಗಳು

ಕಿಲೋಮೀಟರು ಕಡಿಮೆ ಎಂದು ಮಾರುವವರು ಹೇಳುವುದು ನಿಜವೇ ಇರಬಹುದು. ಆದರೆ ಒಂದು ಸೀಸನ್ ರೇಸು ಎಂದರೆ ಪ್ರತಿ ವಾರ ಪ್ರೆಶರ್ ವಾಷ್. ಆ ನೀರು ಬೇರಿಂಗಿನ ಗ್ರೀಸನ್ನು ತೊಳೆದುಹಾಕುತ್ತದೆ. ಪೆಡಲಿನ ತೋಳನ್ನು (ಕ್ರ್ಯಾಂಕ್) ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ, ಟಕಟಕ ಎಂದರೆ ಬಾಟಮ್ ಬ್ರಾಕೆಟ್, ಅಂದರೆ ಪೆಡಲಿನ ಅಚ್ಚಿನ ಬೇರಿಂಗು, ಮುಗಿದಿದೆ. ಅದು ಥ್ರೆಡ್ ಇದ್ದು ತಿರುಗಿಸಿ ಕೂರಿಸುವ ಜಾತಿಯಾದರೆ ದುರಸ್ತಿ ಸುಲಭ. ಒತ್ತಿ ಕೂರಿಸುವ ಪ್ರೆಸ್-ಫಿಟ್ ಆದರೆ ಮಳೆ ನೀರು ಕುಡಿದು ಕಿರುಗುಟ್ಟುವುದು ಅದರ ಜಾಯಮಾನ. ಮುಂದಿನ ಬ್ರೇಕು ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ತಳ್ಳಿ, ಹೆಡ್‌ಸೆಟ್ಟಿನಲ್ಲಿ, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗಿನಲ್ಲಿ, ಸಡಿಲವಿದ್ದರೆ ಕೈಗೆ ಗೊತ್ತಾಗುತ್ತದೆ. ಮುಂಚಕ್ರ ಎತ್ತಿ ಹ್ಯಾಂಡಲನ್ನು ನಿಧಾನ ತಿರುಗಿಸಿ, ನಡುವಿನಲ್ಲಿ ಸಿಕ್ಕಿಕೊಂಡಂತಾದರೆ ಬೇರಿಂಗು ಕುಳಿ ಬಿದ್ದಿದೆ.

ಸೀಟ್‌ಪೋಸ್ಟನ್ನು ಪೂರ್ತಿ ಹೊರಗೆಳೆದು ನೋಡಲೇಬೇಕು. ಅಲ್ಯುಮಿನಿಯಂ ಒಳಗೆ ನೀರು, ಉಪ್ಪು ಕೂತು ಅದು ಕಚ್ಚಿಕೊಂಡಿದ್ದರೆ ಆಮೇಲೆ ಗರಗಸವೇ ಗತಿ. ಕಡೆಗೆ ಬಿರುಕು: ಕೆಳಕೊಳವೆ ಹ್ಯಾಂಡಲಿನ ಕುತ್ತಿಗೆಗೆ ಸೇರುವ ಬೆಸುಗೆಯ ಅಡಿ, ಪೆಡಲಿನ ಹಿಂದೆ ಎರಡು ಕೊಳವೆ ಕವಲೊಡೆಯುವ ಜಾಗ, ಡಿಸ್ಕ್ ಕ್ಯಾಲಿಪರ್ ಕೂರುವ ಕಡೆ. ಒದ್ದೆ ಬಟ್ಟೆಯಲ್ಲಿ ಒರೆಸಿ ಟಾರ್ಚ್ ಓರೆಯಾಗಿ ಹಿಡಿಯಿರಿ. ಕೂದಲಿನಂಥ ಕಪ್ಪು ಗೆರೆ ಕಂಡರೆ ಉಗುರಾಡಿಸಿ. ಉಗುರು ಸಿಕ್ಕಿದರೆ ನಮಸ್ಕಾರ ಹೇಳಿ ಬಂದುಬಿಡಿ, ಅಲ್ಯುಮಿನಿಯಂ ಬಿರುಕು ಬೆಸೆದು ಓಡಿಸುವಂಥದ್ದಲ್ಲ.

ಹಾಗಾದರೆ ಕೊಳ್ಳುವುದೇ?

ಟೈರು, ಕ್ಯಾಸೆಟ್, ಚೈನು, ಚೈನ್‌ರಿಂಗ್, ಕೇಬಲ್ಲು, ಪ್ಯಾಡು, ಮಡ್‌ಗಾರ್ಡು, ಕ್ಯಾರಿಯರ್, ಕೂಲಿ ಎಲ್ಲ ಸೇರಿ ಇಪ್ಪತ್ತು ಸಾವಿರದ ಆಸುಪಾಸು ಹಿಡಿಯಿರಿ. ಬಾಟಮ್ ಬ್ರಾಕೆಟ್ ಹೋಗಿದ್ದರೆ ಇನ್ನೂ ಮೂರು. 60,000 ಕೊಟ್ಟರೆ 80,000ದ ಸೈಕಲ್ಲಾಯಿತು, ವಾರಂಟಿ ಇಲ್ಲ, ಇಷ್ಟು ಹಳೆಯದು. ನನ್ನ ಎಣಿಕೆಯಲ್ಲಿ ಅದು ಬೇಡ. ತೂತು, ಸಂದು, ಸೈಜು ಮೂರೂ ಸರಿಯಿದ್ದು 35,000–40,000ಕ್ಕೆ ಕೊಟ್ಟರೆ ಕೊಳ್ಳಿ, ಬಹಳ ವರ್ಷ ಖುಷಿಯಾಗಿ ಓಡುತ್ತದೆ. ಟ್ರಾಫಿಕ್ಕಿನಲ್ಲಿ ಇದರ ಚುರುಕು ಸ್ಟೀರಿಂಗು ಒಂದು ಸುಖ. ಮೂರರಲ್ಲಿ ಮಡ್‌ಗಾರ್ಡ್ ತೂತು ಅಥವಾ ಸೈಜು ಕೈಕೊಟ್ಟರೆ ಎಷ್ಟು ಅಗ್ಗವಾದರೂ ಬೇಡ.

ಹೊಸದೇ ಬೇಕೆಂದರೆ ಆರಂಭಿಕ ದರ್ಜೆಯ ಅಲ್ಯುಮಿನಿಯಂ ಗ್ರಾವೆಲ್ ಸೈಕಲ್ಲು ಹೆಚ್ಚು ನೇರವಾದ ದಾರಿ: ಅಗಲ ಟೈರು, ಹಗುರ ಗೇರು, ಬಹುಪಾಲು ಮಾದರಿಗಳಲ್ಲಿ ತೂತು. ಕೊರತೆ ಎಂದರೆ ಆ ಬೆಲೆಗೆ ಭಾರ ಜಾಸ್ತಿ, ಬಿಡಿಭಾಗ ಸಾಧಾರಣ. ಕೊಳ್ಳುವಾಗ ತೂತಿನ ಪರೀಕ್ಷೆಯನ್ನು ಅಲ್ಲೂ ಮಾಡಿ. ನೇರ ಹ್ಯಾಂಡಲಿನ ಹೈಬ್ರಿಡ್ ಇನ್ನೂ ಅಗ್ಗ, ಮನೆಯವರಿಗೂ ಒಪ್ಪಿಗೆ. ಅದರಲ್ಲಿ ಮುಂದೆ ಸಸ್ಪೆನ್ಶನ್ ಇಲ್ಲದ ಗಟ್ಟಿ ಫೋರ್ಕಿನದನ್ನು ಆರಿಸಿ. ಅಗ್ಗದ ಸಸ್ಪೆನ್ಶನ್ ಫೋರ್ಕು ಎರಡು ಕೆ.ಜಿ.ಗೂ ಹೆಚ್ಚು ಭಾರ, ಎರಡು ಮಳೆಗಾಲ ಕಂಡರೆ ಒಳಗೆ ತುಕ್ಕು ಹಿಡಿದು ಅಲ್ಲಾಡುವುದನ್ನೇ ನಿಲ್ಲಿಸುತ್ತದೆ. 16 ಕಿ.ಮೀ.ಗೆ ಒಂದೇ ಹಿಡಿತದಲ್ಲಿ ಅಂಗೈ ಜೋಮು ಹಿಡಿಯುವುದು ಹೈಬ್ರಿಡ್ಡಿನ ದೋಷ.

ಯಾವುದನ್ನೇ ತಂದರೂ ಮೊದಲ 150 ಕಿ.ಮೀ. ಆದ ಮೇಲೆ ಕ್ಯಾರಿಯರ್, ಮಡ್‌ಗಾರ್ಡಿನ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಯಿರಿ. ಕ್ಯಾರಿಯರಿನ ಬೋಲ್ಟಿಗೆ ಬೋಲ್ಟು ಸಡಿಲವಾಗದಂತೆ ಹಿಡಿಯುವ ನೀಲಿ ಥ್ರೆಡ್‌ಲಾಕರ್ ಅಂಟು ಒಂದು ಹನಿ.

ಮಗಳ ಸೀಟು: ಈ ಸೈಕಲ್ಲಿಗೆ ಬೇಡ. ಮಗು ಮತ್ತು ಸೀಟು ಸೇರಿದರೆ ಹದಿನೇಳು ಹದಿನೆಂಟು ಕೆ.ಜಿ. ಆಗುತ್ತದೆ, ಅದೂ ಅಲ್ಲಾಡುವ ಭಾರ, ಹಿಂಚಕ್ರದ ಅಚ್ಚಿಗಿಂತ ಹಿಂದೆ. ತೆಳು ಗೋಡೆಯ ರೇಸ್ ಫ್ರೇಮಿನ ಕೊಳವೆಗೆ ಸೀಟಿನ ಕ್ಲಾಂಪು ಬಿಗಿಯಲು ತಯಾರಕರು ಸಾಮಾನ್ಯವಾಗಿ ಒಪ್ಪಿಗೆ ಕೊಟ್ಟಿರುವುದಿಲ್ಲ, ಸೀಟು ತಯಾರಕರೂ ಇಂಥ ಫ್ರೇಮು ಬೇಡವೆನ್ನುತ್ತಾರೆ. ಎತ್ತರದ ಫ್ರೇಮು ಬೇರೆ, ಮಗುವನ್ನು ಕೂರಿಸಿ ಒಂಟಿಕಾಲಲ್ಲಿ ನಿಲ್ಲುವಾಗಲೇ ಸೈಕಲ್ಲು ವಾಲುತ್ತದೆ. ಭಾನುವಾರಕ್ಕೆ ನಡುಕೊಳವೆ ತಗ್ಗಿದ, ಗಟ್ಟಿ ಸ್ಟೀಲಿನ ಸೆಕೆಂಡ್‌ಹ್ಯಾಂಡ್ ಲೇಡೀಸ್ ಸೈಕಲ್ಲು ಒಂದನ್ನು ಹುಡುಕಿ. ಮಕ್ಕಳ ಸೀಟು ಅದಕ್ಕೆ ಕೂರುತ್ತದೆ, ಮನೆಯವರೂ ಓಡಿಸಬಹುದು.